ಕುರ್ಚಿ ತುಂಬ ಕುಂದ್ರು

ಸಂಡೂರಿನ ನಮ್ಮ ಗಣಿ ಕಂಪನಿಯ ಪರವಾಗಿ ಹುಡುಗರನ್ನು ಆರಿಸಲು ಪ್ರತಿವರ್ಷ ಒಂದು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೆ. ಎದುರುಗೊಳ್ಳುತ್ತಿದ್ದವರು ಅಲ್ಲಿಯ ಪ್ಲೇಸ್‌ಮೆಂಟ್ ಅಧಿಕಾರಿ.

ಕಂಪ್ಲಿ, ಎಮ್ಮಿಗನೂರು ಕಡೆಯ ಮಕ್ಕಳು ದೊಡ್ಡವರೆದುರು ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಾರೆ. ಮನೆಯಲ್ಲಿ ಕಲಿತ ಮರ್ಯಾದೆ ಅದು. ಅದನ್ನು ಬಿಡಿಸುವುದೇ ಆ ಅಧಿಕಾರಿಯ ಮೊದಲ ಪಾಠ. ಸಂದರ್ಶನಕ್ಕೆ ಒಳಗೆ ಕಳಿಸುವ ಮುನ್ನ ಒಬ್ಬೊಬ್ಬರ ಬೆನ್ನು ತಟ್ಟಿ, "ಕುರ್ಚಿ ತುಂಬ ಕುಂದ್ರು. ಬೇಡಾಕ ಬಂದಿಲ್ಲ ನೀನು, ದುಡಿಯಾಕ ಬಂದಿ" ಎನ್ನುತ್ತಿದ್ದರು.

ನಾನೋ, ಪ್ರಶ್ನೆ ಕೇಳುವವನಾದರೂ, ತಪ್ಪು ಹುಡುಗನನ್ನು ಆರಿಸಿಬಿಟ್ಟರೇನು ಗತಿ ಎಂಬ ಚಿಂತೆಯಲ್ಲಿ ಸದಾ ತುದಿಯಲ್ಲೇ ಕೂರುವವನು. ಒಮ್ಮೆ ಚಹಾ ಕೊಡುತ್ತ ಅವರು ಅದನ್ನು ನೋಡಿ ನಕ್ಕಿದ್ದರು: "ಸರ್, ನೀವ್ಯಾಕ ಹಂಗ? ನಿಮಗ ನೌಕರಿ ಸಿಕ್ಕು ಯಾವ ಕಾಲ ಆತು! ತುಂಬ ಕುಂದ್ರಿ."

ಹೋದ ವರ್ಷ ನಮ್ಮ ಆಫೀಸಿನಲ್ಲೇ ಗುಮಾಸ್ತರ ಹುದ್ದೆಗೆ ಸಂದರ್ಶನವಿತ್ತು. ಮುಂದಿನವರನ್ನು ಕರೆದಾಗ ಒಳಗೆ ಬಂದವರು ಆ ಪ್ಲೇಸ್‌ಮೆಂಟ್ ಅಧಿಕಾರಿಯೇ. ಯಾರ ಪರವಾಗಿಯೋ ಹೇಳಲು ಬಂದಿದ್ದಾರೆಂದುಕೊಂಡು, "ಯಾವ ಹುಡುಗನ್ನ ಕರ್ಕೊಂಡು ಬಂದೀರಿ ಸರ್?" ಎಂದುಬಿಟ್ಟೆ.

"ಈ ಸಲ ಹುಡುಗ ನಾನ ರೀ, ಸರ್. ಕಾಂಟ್ರಾಕ್ಟ್ ಮುಗೀತು. ಮುಂದುವರಿಸಲಿಲ್ಲ."

ಊರಿನ ಮಕ್ಕಳಿಗೆಲ್ಲ ನೌಕರಿ ಕೊಡಿಸಿದವರ ನೌಕರಿಯೇ ಕಾಯಂ ಅಲ್ಲವೆಂದು, ಎಲ್ಲದಕ್ಕೂ ಚಿಂತಿಸುವ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳೆಲ್ಲ ಮರೆತುಹೋದವು. ಅವರು ಕೈಗಳನ್ನು ಮೊಣಕಾಲ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಸರ್, ಕುರ್ಚಿ ತುಂಬ ಕುಂದ್ರಿ" ಎಂದೆ.

ಅವರು ನಕ್ಕರು. "ಹೇಳೋದು ಭಾಳ ಸಲೀಸಿತ್ರಿ, ಸರ್" ಎಂದರು. ಹಿಂದಕ್ಕೆ ಮಾತ್ರ ಸರಿಯಲಿಲ್ಲ.