ಒಗೆದುಹೋದ ಕೈಗುರುತು

ಸುತ್ತಿದ್ದನ್ನು ಬಿಚ್ಚುತ್ತಾರೆ, ಬಿಚ್ಚಿದ್ದನ್ನು ಮತ್ತೆ ಸುತ್ತುತ್ತಾರೆ. ಬನಹಟ್ಟಿಯ ಈ ಓಣಿಯಲ್ಲಿ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ತಗಡಿನ ಅಂಗಡಿಯ ಮುಂದೆ ಗೋಣಿಚೀಲ ಹಾಸಿಕೊಂಡು ಕೂತ ಚನಮಲ್ಲಪ್ಪ, ಹಳೆಯ ರೇಸ್ ಸೈಕಲ್ಲೊಂದರ ಹ್ಯಾಂಡಲಿಗೆ ಎರಡು ಬೆರಳಗಲದ ಕೆಂಪು ದಡಿ ಸುತ್ತುತ್ತಿದ್ದಾರೆ. ದಡಿ ಎಂದರೆ ಸೀರೆಯ ಅಂಚಿನ ಪಟ್ಟಿ. ಎದ್ದಾಗಿನಿಂದ ಇದು ಮೂರನೇ ಸಲ. ಸುತ್ತು ಎಲ್ಲೂ ಸಡಿಲಾಗಿಲ್ಲ, ಅಂಚಿನ ಮೇಲೆ ಅಂಚು ಸರಿಯಾಗಿ ಕೂತಿದೆ. ಆದರೂ ಬಿಚ್ಚುತ್ತಾರೆ. ಸುತ್ತಿ ಮುಗಿದರೆ ಸೈಕಲ್ಲು ತಯಾರಾದಂತೆ. ತಯಾರಾದರೆ ಜಮಖಂಡಿಗೆ ಒಯ್ಯಬೇಕು. ಒಯ್ದರೆ ಕಣ್ಣಿಲ್ಲದ ಮುದುಕರೊಬ್ಬರ ಮುಂದೆ ನಿಂತು ತಪ್ಪು ಒಪ್ಪಿಕೊಳ್ಳಬೇಕು.

“ಹತ್ತ್ ಪಂಕ್ಚರ್ ಬಂದ್ರ ಛಲೋ ಆಕ್ಕಿತ್ರಿ ಇವತ್ತ,” ಎನ್ನುತ್ತಾರೆ ದಡಿಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡೇ. “ಹೋಗೂದು ನಾಳಿಗಿ ಬೀಳತಿತ್ತು.”

ಅಷ್ಟು ಹೊತ್ತಿಗೆ ಓಣಿಯ ಪಾವರ್‌ಲೂಮ್‌ಗಳು ಒಂದೊಂದಾಗಿ ಎದ್ದು ಖಟಪಟ ಶುರುಮಾಡುತ್ತವೆ. ಹೊಸಬರಾದರೆ ಕಿವಿ ಮುಚ್ಚಿಕೊಳ್ಳಬೇಕು. ಚನಮಲ್ಲಪ್ಪನವರಿಗೆ ಆ ಚಿಂತೆಯಿಲ್ಲ, ಅವರ ಎಡಗಿವಿಯನ್ನು ಮಗ್ಗಗಳು ಯಾವತ್ತೋ ತಿಂದುಹಾಕಿವೆ. ಮಾತಾಡುವವರು ಬಲಕ್ಕೆ ಬಂದು ಕೂಡಬೇಕು. ಗೊತ್ತಿಲ್ಲದೆ ಎಡಕ್ಕೆ ಕೂತವರು ಅರ್ಧ ತಾಸು ಹರಟಿ, ಉತ್ತರ ಬಾರದೆ, ಮುದುಕನಿಗೆ ಸೊಕ್ಕು ಎಂದುಕೊಂಡು ಎದ್ದು ಹೋದದ್ದೂ ಉಂಟು.

ವಯಸ್ಸು ಅರವತ್ತೊಂದು. ತಂದೆ ಕೈಮಗ್ಗದವರು. ಚನಮಲ್ಲಪ್ಪ ಹದಿನಾರಕ್ಕೇ ಪಾವರ್‌ಲೂಮ್ ಶೆಡ್ಡು ಸೇರಿ, ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿ ಇಪ್ಪತ್ತಾರು ವರ್ಷ ದುಡಿದರು. ಮಗ್ಗ ಎಲ್ಲಿ ತಪ್ಪುತ್ತಿದೆ ಎಂಬುದನ್ನು ಜಾಬರ್ ಆದವನು ಸದ್ದಿನಿಂದಲೇ ಹಿಡಿಯಬೇಕು. ಅರ್ಧ ಸದ್ದಷ್ಟೇ ಕೇಳುವ ಜಾಬರ್ ಯಾರಿಗೆ ಬೇಕು? ಶೆಡ್ಡಿನ ಮಾಲೀಕರು ಶಾಲು ಹೊದಿಸಿ, ಪೇಡೆ ತಿನ್ನಿಸಿ, ಮರ್ಯಾದೆಯಿಂದ ಮನೆಗೆ ಕಳಿಸಿದರು. ಆಮೇಲೆ ಹುಟ್ಟಿದ್ದು ಈ ಸೈಕಲ್ ಅಂಗಡಿ. ಮೊದಲು ದಿನಕ್ಕೆ ನಲವತ್ತು ಪಂಕ್ಚರ್ ಬರುತ್ತಿದ್ದವು. ಈಗ ಹದಿನೈದು ದಾಟಿದರೆ ಹಬ್ಬ. ಮೊಣಕಾಲು ಮಡಚಿದರೆ ಬಿಚ್ಚಲು ಒಲ್ಲೆ ಎನ್ನುತ್ತದೆ, ಬಿಚ್ಚಿದರೆ ಮಡಚಲು ಒಲ್ಲೆ ಎನ್ನುತ್ತದೆ. “ಸಾಕಾಗೇತ್ರಿ,” ಎಂಬ ಮಾತು ದಿನಕ್ಕೆ ಎಷ್ಟು ಸಲ ಬರುತ್ತದೋ ಅವರಿಗೇ ತಿಳಿಯದು.

ಊರಿಗೆ ಅವರು ಪಂಕ್ಚರ್ ಚನಮಲ್ಲಪ್ಪ. ಆದರೆ ಅಂಗಡಿಯ ಹಿಂದಿನ ಗೋಡೆಗೆ ಒರಗಿ ನಿಲ್ಲುವ ಸೈಕಲ್ಲುಗಳ ಕಥೆ ಬೇರೆ. ಅಜ್ಜ ಓಡಿಸಿದ್ದು, ಮಾವ ರೇಸಿನಲ್ಲಿ ಗೆದ್ದದ್ದು, ಅಟ್ಟದಲ್ಲಿ ಕೊಳೆತದ್ದು. ಹನ್ನೆರಡು ವರ್ಷಗಳಲ್ಲಿ ಇಂಥ ಇಪ್ಪತ್ತೆರಡು ಸೈಕಲ್ಲುಗಳಿಗೆ ಅವರು ಜೀವ ಕೊಟ್ಟಿದ್ದಾರೆ. ಇದು ಇಪ್ಪತ್ತಮೂರನೆಯದು. ತಂದವರೆಲ್ಲ ಹೇಳುವುದು ಒಂದೇ ಮಾತು: ಹೊಸದು ಮಾಡಿಕೊಡ್ರಿ. ಆ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಹುಬ್ಬು ಗಂಟಾಗುತ್ತದೆ.

“ಹೊಸಾದು ಬೇಕಂದ್ರ ಪ್ಯಾಟ್ಯಾಗ ಸಿಗತೈತಿ, ತೊಗೊಂಡ್ ಹೋಗ್ರಿ ಅಂತೇನಿ. ಹಳೀ ಮಗ್ಗದಾಗ ಸವದಿದ್ದು ಸವದಿದ್ದಕ್ಕ ಒಗ್ಗಿರತೈತ್ರಿ. ನಡುವ ಒಂದ್ ಹೊಸಾ ಸಾಮಾನ ಹಾಕ್ರಿ, ಅದು ಉಳದ ಸಾಮಾನ ಎಲ್ಲಾ ಮುರೀತೈತಿ. ಸೈಕಲ್ ಹಂಗ. ಮನಶ್ಯಾರೂ ಹಂಗ ಅನ್ರಿ.”

ಆದ್ದರಿಂದ ಅವರ ಅಂಗಡಿಯಲ್ಲಿ ಬಣ್ಣದ ಡಬ್ಬಿಯೇ ಇಲ್ಲ. ಸೀಮೆಎಣ್ಣೆ, ಕೊಬ್ಬರಿಎಣ್ಣೆ, ಹುಣಸೆಹಣ್ಣು, ಮಗ್ಗದ ಕೆಳಗೆ ಬಿದ್ದ ಹತ್ತಿನೂಲಿನ ಉಂಡೆ, ಮತ್ತು ಬೇಕಾದಷ್ಟು ತಾಳ್ಮೆ. ತುಕ್ಕು ಮಾತ್ರ ಹೋಗಬೇಕು, ತಗ್ಗು ಇರಬೇಕು. ಗೀರು ಇದ್ದರೆ ಇರಲಿ, ಅದನ್ನು ಎಳೆದುಕೊಂಡವರು ಸುಮ್ಮನೆ ಎಳೆದುಕೊಂಡಿರಲಿಕ್ಕಿಲ್ಲ.

ಈ ಸೈಕಲ್ಲನ್ನು ತಂದವರು ಜಮಖಂಡಿಯ ವಕೀಲೆ ಅಲಕಾ. ಸೈಕಲ್ಲು ಅವರ ತಂದೆ ಕೃಷ್ಣಾಜಿಯವರದು. ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ಕೃಷ್ಣಾಜಿಗೆ ಈಗ ಎಂಬತ್ತೊಂದು. ಹರೆಯದಲ್ಲಿ ಕೊಲ್ಹಾಪುರದಿಂದ ಕೊಂಡು ತಂದ ವಿಲಾಯತಿ ಸೈಕಲ್ಲು ಅದು. ಹಗುರಾದ ಉಕ್ಕು, ಹಸಿರು ಬಣ್ಣ, ಟಗರಿನ ಕೋಡಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲು. ಜಮಖಂಡಿ, ಮುಧೋಳ, ಬೀಳಗಿ ದಾರಿಯ ಯಾವ ರೇಸನ್ನೂ ಕೃಷ್ಣಾಜಿ ತಪ್ಪಿಸುತ್ತಿರಲಿಲ್ಲವಂತೆ. ಒಂಬತ್ತು ವರ್ಷಗಳ ಹಿಂದೆ ಕಣ್ಣು ಹೋಯಿತು. ಅದಕ್ಕೂ ಮೊದಲೇ ಸೈಕಲ್ಲು ಬಚ್ಚಲುಮನೆಯ ಗೋಡೆಯ ಮೊಳೆಗೆ ಏರಿ, ಮೂವತ್ತು ವರ್ಷ ಅಲ್ಲೇ ಹೊಗೆ ಕುಡಿಯಿತು.

ಅಲಕಾ ಹಾಕಿದ ಷರತ್ತು ಒಂದೇ. ವಕೀಲರ ಬಾಯಿಂದ ಇಷ್ಟು ಚಿಕ್ಕ ಷರತ್ತು ಬಂದದ್ದು ಚನಮಲ್ಲಪ್ಪನವರಿಗೆ ಸೋಜಿಗವೇ ಆಗಿತ್ತು. “ಬಾಬಾಗ ಕಾಣಂಗಿಲ್ಲ ಕಾಕಾ, ಕೈಲೇ ನೋಡ್ತಾರ. ಮುಟ್ಟಿದ್ ಕೂಡ್ಲೆ ಇದು ನಂದು ಅಂತ ಗುರ್ತ ಸಿಗಬೇಕು. ಅಷ್ಟ.”

ಅಷ್ಟಕ್ಕಾಗಿ ನಾಲ್ಕು ತಿಂಗಳು ಹಿಡಿಯಿತು. ಪೆಡಲಿನ ತೋಳು ಹಿಡಿದಿಡುವ ಗೂಟ ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಸುತ್ತಿಗೆಯಿಂದ ಹೊಡೆದರೆ ಎರಡು ನಿಮಿಷದ ಕೆಲಸ, ಜತೆಗೆ ತೋಳೂ ಹೋಗುತ್ತದೆ. ಅವರು ದಿನಾ ಬೆಳಿಗ್ಗೆ ಎರಡು ಹನಿ ಎಣ್ಣೆ ಬಿಟ್ಟು ಬೇರೆ ಕೆಲಸಕ್ಕೆ ಕೂತರು. ಹನ್ನೊಂದನೇ ದಿನ ಅದು ತಾನಾಗಿ ಮಿಸುಕಿತು. ಬ್ರೇಕಿನ ರಬ್ಬರು ಎಲ್ಲೂ ಸಿಗದೆ ಎರಡು ಬಸ್ಸು ಬದಲಿಸಿ ಬೀಳಗಿಗೆ ಹೋಗಿ, ಬಾಗಿಲು ಮುಚ್ಚಿದ್ದ ಅಂಗಡಿಯವರ ಮನೆ ಅಟ್ಟ ಹತ್ತಿ ಹುಡುಕಿ ತಂದರು. ಚೌಕಟ್ಟಿನ ಮೇಲಿನ ಕೊಳವೆಯಲ್ಲಿ ಹೆಬ್ಬೆರಳು ಕೂಡುವಷ್ಟು ತಗ್ಗಿತ್ತು. ಅದನ್ನು ಮುಟ್ಟಲಿಲ್ಲ. ಅರ್ಧ ಅಳಿಸಿದ ಕಂಪನಿಯ ಅಕ್ಷರಗಳನ್ನು ಅರ್ಧವೇ ಉಳಿಸಿದರು. ಎರಡೂ ಚಕ್ರಗಳ ಎಪ್ಪತ್ತೆರಡು ಕಡ್ಡಿಗಳನ್ನು ಬಿಚ್ಚಿ, ಒಂದೊಂದಕ್ಕೂ ದಾರದಲ್ಲಿ ಗುರುತು ಕಟ್ಟಿ, ಯಾವ ತೂತಿನದನ್ನು ಅದೇ ತೂತಿಗೆ ಹಾಕಿದರು.

ಕೊನೆಗೆ ಉಳಿದದ್ದು ಹ್ಯಾಂಡಲು. ಅದಕ್ಕೆ ಸುತ್ತಿದ್ದು ಏನೆಂದು ನೋಡಿದರೆ ತಿಳಿಯುತ್ತಿರಲಿಲ್ಲ. ಡಾಂಬರಿನಂತೆ ಕಪ್ಪಗೆ, ತೊಗಲಿನಂತೆ ಗಟ್ಟಿ. ಬಿಚ್ಚಿದಾಗ ಒಳಮೈಯಲ್ಲಿ ಕೆಂಪು ಕಂಡಿತು, ಕೆಂಪಿನ ನಡುವೆ ಹಳದಿ ಎಳೆ. ಚನಮಲ್ಲಪ್ಪ ಕೂತಲ್ಲಿಂದ ಎದ್ದುಬಿಟ್ಟರು. ಅದು ಬನಹಟ್ಟಿಯ ದಡಿ. ರೇಸ್ ಸೈಕಲ್ಲಿನ ಪಟ್ಟಿ ಸಿಗದ ಆ ಕಾಲದಲ್ಲಿ ಹುಡುಗರು ಇಲ್ಲಿಗೆ ಬಂದು ಸೀರೆಯ ದಡಿ ತುಂಡು ಒಯ್ದು ಹ್ಯಾಂಡಲಿಗೆ ಸುತ್ತಿಕೊಳ್ಳುತ್ತಿದ್ದರು ಎಂದು ತಂದೆ ಹೇಳಿದ್ದು ನೆನಪಿತ್ತು. ನೆನಪಷ್ಟೇ ಬಂದಿದ್ದರೆ ಚೆನ್ನಾಗಿತ್ತು. ಜತೆಗೆ ನೇಕಾರನ ಕೈಯೂ ಎದ್ದಿತು.

ಬಟ್ಟೆ ಕೊಳೆಯಾಗಿದ್ದರೆ ನೇಕಾರನಿಗೆ ನಿದ್ದೆ ಹತ್ತುವುದಿಲ್ಲ. ಅಂಟವಾಳಕಾಯಿ ನೆನೆಹಾಕಿದರು. ಹೆಂಡತಿ ಮುದಕವ್ವ ಅನ್ನದ ಗಂಜಿ ಬಸಿದು, ಸೋಸಿ, ತೆಳ್ಳಗೆ ಮಾಡಿಕೊಟ್ಟರು. ಮೂರು ನೀರಿನಲ್ಲಿ ಅದ್ದಿದಾಗ ಕಪ್ಪೆಲ್ಲ ಇಳಿದುಹೋಯಿತು. ಗಂಜಿ ಹಾಕಿ, ನೆರಳಿನಲ್ಲಿ ಒಣಗಿಸಿ, ಬಿಸಿ ತಂಬಿಗೆಯಿಂದ ತೀಡಿದರು. ನಿನ್ನೆ ಮೊನ್ನೆ ಮಗ್ಗದಿಂದ ಇಳಿದಂತೆ ಕೆಂಪು ಹೊಳೆಯಿತು. ಗಂಡ ಹೆಂಡತಿ ಇಬ್ಬರೂ ಅದನ್ನು ಬಾಗಿಲಿಗೆ ಹಿಡಿದು ನೋಡಿ ನೋಡಿ ಖುಷಿಪಟ್ಟರು. ಕಬ್ಬಿಣದ ಮೇಲಿನ ಒಂದು ಗೀರನ್ನೂ ಅಳಿಸದೆ ನಾಲ್ಕು ತಿಂಗಳು ಕಾದ ಮನುಷ್ಯ, ಬಟ್ಟೆಯನ್ನು ಅರ್ಧ ದಿನದಲ್ಲಿ ಒಗೆದು ಮುಗಿಸಿದ್ದ.

ಮರುದಿನ ಅಲಕಾ ಬಂದರು. ದಡಿ ಮುಟ್ಟಿದರು, ತಿರುಗಿಸಿ ನೋಡಿದರು, ಅಂಗಡಿಯ ಮೆಟ್ಟಿಲ ಮೇಲೆ ಕೂತರು.

“ಆ ಕರಿ ಹೊಲಸಲ್ಲ ಕಾಕಾ,” ಎಂದರು. “ಅದು ಬಾಬಾನ ಕೈ ಬೆವರು. ಹೆಬ್ಬಟ್ಟ ಒತ್ತಿ ಒತ್ತಿ ಎರಡೂ ಕಡೆ ಗುಣಿ ಬಿದ್ದಿತ್ತು. ಸಣ್ಣಾಕಿದ್ದಾಗ ಅದರಾಗ ನನ್ನ ಹೆಬ್ಬಟ್ಟ ಇಟ್ಟು ನೋಡ್ತಿದ್ದೆ.”

ಅವರು ಕೂಗಾಡಲಿಲ್ಲ, ಸೋಮವಾರ ತಂದುಕೊಡಿ ಎಂದು ಹೇಳಿ ಹೊರಟರು. ಆ ಸೋಮವಾರ ಇವತ್ತು. “ಬೈದಿದ್ರ ಹಗರ ಆಕ್ಕಿತ್ರಿ,” ಎನ್ನುತ್ತಾರೆ ಚನಮಲ್ಲಪ್ಪ. ಒಳಗೆ ಕಂಡಿಕೆಗೆ ನೂಲು ಸುತ್ತುತ್ತ ಕೂತ ಮುದಕವ್ವ ರಾಟೆ ನಿಲ್ಲಿಸಿ, “ಗಂಜಿ ಮಾಡಿಕೊಟ್ಟಾಕಿ ನಾನ. ಒಬ್ಬರ ಹೊರಬ್ಯಾಡ್ರಿ ಅದನ್ನ,” ಎನ್ನುತ್ತಾರೆ. ಅವರಿಗೂ ಎರಡು ದಿನದಿಂದ ಊಟ ಸರಿಯಾಗಿ ಸೇರಿಲ್ಲ.

ಬುದ್ಧಿ ಹೇಳಲು ಮಾತ್ರ ಓಣಿಯಲ್ಲಿ ಬರ ಇಲ್ಲ. ಪಕ್ಕದ ಮೊಬೈಲ್ ಅಂಗಡಿಯ ಪ್ರೇಮಕುಮಾರ ಬಲಗಡೆಗೇ ಬಂದು ಕೂತು, ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ, ಮೇಲೆ ಸುಟ್ಟ ಎಂಜಿನ್ ಆಯಿಲ್ ಸವರಿದರೆ ಎರಡು ದಿನದಲ್ಲಿ ಐವತ್ತು ವರ್ಷ ಹಳೆಯದಾಗುತ್ತದೆ ಎಂದು ಉಪಾಯ ಹೇಳಿದ. ಕಾಣದವರಿಗೆ ಏನು ತಿಳಿಯುತ್ತದೆ ಎಂದೂ ಸೇರಿಸಿದ. ಚನಮಲ್ಲಪ್ಪ ಅವನನ್ನು ಬೈಯಲಿಲ್ಲ, ಬೈಯುವಷ್ಟು ತ್ರಾಣವೂ ಇರಲಿಲ್ಲ. “ಕರ್ರಗ ಆಕ್ಕೈತಿ ಖರೆ. ಆದ್ರ ಅದು ಚಹಾದ ಕರಿ ಆತಲ್ಲೋ. ಅವರ ಕೈ ಅಂತ ಹೇಳಿ ನಮ್ಮ ಚಹಾ ಕೊಟ್ಟು ಬರ್ಲೇನು?”

ಹತ್ತು ಗಂಟೆಗೆ ಟಂಟಂ ಆಟೋ ಬರುತ್ತದೆ. ಹತ್ತು ಪಂಕ್ಚರ್ ಬರಲಿಲ್ಲ, ಬಂದದ್ದು ಎರಡೇ. ಸೈಕಲ್ಲನ್ನು ಹಿಂದಿನ ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಪಕ್ಕದಲ್ಲೇ ನಿಲ್ಲುತ್ತಾರೆ. ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡುವುದಿಲ್ಲ. ರಸ್ತೆಯ ಒಂದೊಂದು ಕುಣಿಗೂ ಮೊಣಕಾಲು ಕಿರುಗುಟ್ಟುತ್ತದೆ. ಇಡೀ ದಾರಿ ಅವರು ಸೈಕಲ್ಲಿನ ಸೀಟನ್ನೇ ಹಿಡಿದಿರುತ್ತಾರೆ, ಒಮ್ಮೆಯೂ ಹ್ಯಾಂಡಲಿಗೆ ಕೈ ಹಾಕುವುದಿಲ್ಲ. ತಮ್ಮ ಬೆವರು ಅದಕ್ಕೆ ಹತ್ತಬಾರದು.

ಜಮಖಂಡಿಯ ಆ ಹಳೆಯ ಮನೆಯ ಪಡಸಾಲೆಯಲ್ಲಿ ಕೃಷ್ಣಾಜಿ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ. ತೊಳೆದ ಅಂಗಿ, ಬಾಚಿದ ತಲೆ. ಮದುವೆಗೆ ಹೆಣ್ಣು ನೋಡಲು ಹೊರಟವರ ಹಾಗೆ. ಅಲಕಾ ತಂದೆಗೆ ಏನೂ ಹೇಳಿಲ್ಲ. ಅದು ಕೃಷ್ಣಾಜಿಯವರ ಮುಖ ನೋಡಿದರೆ ತಿಳಿಯುತ್ತದೆ.

“ಸಾಹೇಬ್ರ, ಮುಟ್ಟೂಕಿಂತ ಮೊದಲ ಒಂದ್ ಮಾತ ಹೇಳೂದೈತ್ರಿ...”

“ತಡೀರಿ. ಮೊದ್ಲ ನನಗ ನೋಡಾಕ ಬಿಡ್ರಿ.”

ಹಿಂದಿನ ಚಕ್ರ ತಿರುಗಿಸಿ, ನಿಲ್ಲುವ ತನಕ ಕಿವಿಗೊಡುತ್ತಾರೆ. ಸೀಟಿನ ಮೂಗು ಸವರುತ್ತಾರೆ. ಕೈ ಮೇಲಿನ ಕೊಳವೆಯ ಗುಂಟ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. “ಬಾಡಗಂಡಿ ಹತ್ರ ಕಬ್ಬಿನ ಗಾಡಿಗೆ ಬಡದಿದ್ದೆ,” ಎಂದು ನಗುತ್ತಾರೆ. “ಆವತ್ತ ಎರಡನೇ ನಂಬರ್ ಬಂದೆ.” ಅಲಕಾ ಉಸಿರು ಬಿಡುತ್ತಾರೆ. ಆಮೇಲೆ ಎರಡೂ ಕೈ ಒಟ್ಟಿಗೆ ಹ್ಯಾಂಡಲಿಗೆ ಹೋಗುತ್ತವೆ. ಹಿಡಿಯುತ್ತಾರೆ, ಬಿಡುತ್ತಾರೆ, ಮತ್ತೆ ಹಿಡಿಯುತ್ತಾರೆ. ಹೆಬ್ಬೆರಳುಗಳು ಅತ್ತಿತ್ತ ಏನನ್ನೋ ಹುಡುಕುತ್ತವೆ. ನಗು ಹೋಗಿರುತ್ತದೆ.

“ಇದು ನನ್ನ ಕೈ ಅಲ್ಲ.”

ಚನಮಲ್ಲಪ್ಪ ನೆಲ ನೋಡುತ್ತ ಹೇಳುತ್ತಾರೆ: “ದಡಿ ಅದ ಐತ್ರಿ. ಆದ್ರ ನಾ ಒಗದ್ನಿ. ನೇಕಾರ ಅದೇನ್ರಿ, ಹೊಲಸಾಗೇತಿ ಅಂದ್ಕೊಂಡ್ನಿ. ನಿಮ್ಮ ಕೈಗುರ್ತ ಒಗದ್ ಬಿಟ್ನಿ. ತಪ್ಪಾತ್ರಿ.”

ಕೃಷ್ಣಾಜಿಯವರ ಹೆಬ್ಬೆರಳುಗಳು ದಡಿಯ ಸುತ್ತುಗಳನ್ನು ಒಂದೊಂದಾಗಿ ಸವರುತ್ತವೆ. ಹೊರಗೆ ಟಂಟಂನವನು ಒಮ್ಮೆ ಹಾರ್ನ್ ಹೊಡೆದು ಸುಮ್ಮನಾಗುತ್ತಾನೆ. ಇಷ್ಟು ವರ್ಷ ದುಡಿದು ಕೊನೆಗೆ ಹೀಗೆ ತಲೆ ತಗ್ಗಿಸಿ ನಿಲ್ಲಬೇಕಾಯಿತಲ್ಲ ಎಂದು ಚನಮಲ್ಲಪ್ಪನವರಿಗೆ ಅಳುವೇ ಬರುತ್ತದೆ.

“ಬಣ್ಣ ಯಾವುದು?” ಕೃಷ್ಣಾಜಿ ಕೇಳುತ್ತಾರೆ.

“ಕೆಂಪರಿ. ನಡುವ ಹಳದಿ ಎಳಿ.”

“ಮರತ ಹೋಗಿತ್ತು.” ಮತ್ತೆ ಹಿಡಿದು ನೋಡುತ್ತಾರೆ. “ಗಂಜಿ ಹಾಕೀರಿ. ಜಾರತದ.”

“ಗಂಜಿ ಬಿಡಿಸಿ ತಂದ್‌ಕೊಡ್ಲೇನ್ರಿ?”

“ಬ್ಯಾಡ. ಇನ್ನೊಮ್ಮೆ ಒಗೀಬ್ಯಾಡ್ರಿ ಮಾರಾಯ್ರ. ಇಲ್ಲೇ ಕುರ್ಚಿ ಮುಂದ ನಿಲ್ಲಸ್ರಿ. ದಿನಾ ಹಿಡಕೊಂಡ್ ಕೂಡತೀನಿ. ಕಣ್ಣ ಹೋಗ್ಯಾವ, ಕೈ ಇನ್ನೂ ಬೆವರತಾವ.”

ಅಲಕಾ ಸೈಕಲ್ಲನ್ನು ಕುರ್ಚಿಯ ಹತ್ತಿರಕ್ಕೆ ಸರಿಸುತ್ತಾರೆ. ಚನಮಲ್ಲಪ್ಪ ಹಿಂದಿನ ಚಕ್ರಕ್ಕೆ ಎರಡು ಇಟ್ಟಿಗೆ ಕೊಟ್ಟು, ಅಲುಗದಂತೆ ನೋಡಿ, ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಹೊರಡುತ್ತಾರೆ. ಅಂಗಡಿಗೆ ಮರಳಿದಾಗ ಮಧ್ಯಾಹ್ನ. ಬಾಗಿಲಲ್ಲಿ ಗಾಳಿ ಹೋದ ಮೂರು ಸೈಕಲ್ಲುಗಳು ಕಾಯುತ್ತಿವೆ. ಏನಾಯಿತೆಂದು ಮುದಕವ್ವ ಬಲಗಡೆ ಬಂದು ನಿಂತು ಕೇಳುತ್ತಾರೆ. ಚನಮಲ್ಲಪ್ಪ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಬರುವುದನ್ನೇ ನೋಡುತ್ತ ಹೇಳುತ್ತಾರೆ:

“ಇಪ್ಪತ್ತೆರಡ ಸೈಕಲ್ ಮಾಡೇನಿ. ಎಲ್ಲಾ ಹಂಗ ಇರ್ಲಿ, ಕೆಡಬಾರ್ದು ಅಂತ ಬೇಡಕೊಂಡೇನಿ. ಇದೊಂದ್ ಮಾತ್ರ ಲಗೂನ ಹೊಲಸಾಗ್ಲಿ.”