ಅಳತೆಗೆ ಕೊಟ್ಟ ರಕ್ತ

ನಮ್ಮ ಟೈಲರ್ ಅಂಗಡಿಯ ಯಜಮಾನಿಯನ್ನು ಎಲ್ಲರೂ ಗೇಣಕ್ಕ ಅನ್ನುತ್ತಾರೆ. ಕೊರಳಲ್ಲಿ ಟೇಪು ನೇತಾಡುತ್ತಿದ್ದರೂ ಅವಳು ಅಳೆಯುವುದು ಗೇಣಿನಲ್ಲಿ. ಬೆನ್ನ ಮೇಲೆ ಎರಡು ಸಲ ಕೈ ಚಾಚಿ ಇಟ್ಟಳೆಂದರೆ ಮುಗಿಯಿತು, ಅಂಗಿ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ನಾನು ಅಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುವವಳು. ಹನ್ನೆರಡು ವರ್ಷದಿಂದ ಅವಳ ಮಿಷನ್ನಿನ ಎದುರೇ ನನ್ನ ಸ್ಟೂಲು. ಹಾಗಾಗಿ ಅವಳ ಹೊಟ್ಟೆಕಿಚ್ಚನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ನನಗೂ ಹೊಟ್ಟೆಕಿಚ್ಚು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನನ್ನದು ಊಟ ಮಾಡಿದರೆ ಇಳಿಯುತ್ತದೆ. ಅವಳದು ಇಳಿಯುವ ಜಾತಿಯದಲ್ಲ, ಮತ್ತು ಅದೆಲ್ಲ ಒಬ್ಬಳ ಮೇಲೆಯೇ, ಅವಳ ತಂಗಿಯ ಮೇಲೆ.

ತಂಗಿ ಮೂರು ವರ್ಷಕ್ಕೆ ಚಿಕ್ಕವಳು. ಚಿಕ್ಕಂದಿನಲ್ಲಿ ಗೇಣಕ್ಕನಿಗೆ ಅಮ್ಮನ ಹಳೇ ಬಟ್ಟೆ ಕತ್ತರಿಸಿ ಹೊಲಿದ ಫ್ರಾಕು. ಅವಳು ಹೊಲಿಗೆ ಕಲಿಯುವಷ್ಟರಲ್ಲಿ ಮನೆ ಸ್ವಲ್ಪ ಸುಧಾರಿಸಿ ತಂಗಿಗೆ ಅಂಗಡಿಯ ಹೊಸ ಬಟ್ಟೆ ಬಂತು. ಅದನ್ನು ಹೊಲಿದುಕೊಟ್ಟವಳೂ ಗೇಣಕ್ಕನೇ. ಹೊಟ್ಟೆ ಉರಿಯುತ್ತಿದ್ದರೂ ಹೊಲಿಗೆ ನೆಟ್ಟಗೇ ಬಂತು ಎಂದು ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಮುಂದೆ ಒಂದು ಮನೆಯ ಅಣ್ಣತಮ್ಮಂದಿರಲ್ಲಿ ಅಣ್ಣನನ್ನು ಅಕ್ಕ, ತಮ್ಮನನ್ನು ತಂಗಿ ಮದುವೆಯಾಗಿ ಇಬ್ಬರೂ ಒಂದೇ ಮನೆಗೆ ಸೊಸೆಯರಾದರು. ಅಲ್ಲಿಂದ ದಿನಾ ಒಬ್ಬರ ಮುಖ ಒಬ್ಬರು ನೋಡುವುದು ತಪ್ಪಲಿಲ್ಲ.

ಗೇಣಕ್ಕನಿಗೆ ಒಬ್ಬಳೇ ಮಗಳು. ಒಂಬತ್ತು ವರ್ಷ, ಮರಿ ಅಂತ ಕರೆಯುತ್ತೇವೆ. ಅವಳಿಗೆ ಥಲಸ್ಸೇಮಿಯಾ. ಮೈ ತಾನಾಗಿ ಸಾಕಷ್ಟು ರಕ್ತ ಮಾಡಿಕೊಳ್ಳುವುದಿಲ್ಲ. ಅಪ್ಪ ಅಮ್ಮ ಇಬ್ಬರಲ್ಲೂ ಅರ್ಧರ್ಧ ದೋಷ ಇತ್ತಂತೆ, ಅವರಿಗೇನೂ ಆಗಲಿಲ್ಲ. ಎರಡು ಅರ್ಧವೂ ಈ ಮಗುವಿನಲ್ಲಿ ಸೇರಿಕೊಂಡವು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಹಾಕಿಸಿಕೊಳ್ಳಬೇಕು. ಅವತ್ತು ಅಂಗಡಿಯ ಮಿಷನ್ನಿಗೆ ರಜೆ. ಮರಿ ಎಂದರೆ ಗೇಣಕ್ಕನಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ.

ತಂಗಿ ಮತ್ತು ಅವಳ ಗಂಡನಲ್ಲೂ ಅದೇ ಅರ್ಧರ್ಧ ದೋಷ. ಮರಿಯನ್ನು ನೋಡಿ ಹೆದರಿ ಎಂಟು ವರ್ಷ ಮಗುವಿನ ಮಾತೇ ಎತ್ತಲಿಲ್ಲ. ಆಮೇಲೆ ಒಂದು ದಿನ ತಂಗಿ ಅಂಗಡಿಗೆ ಬಂದು ಹೊಸ ವಿಷಯ ಹೇಳಿದಳು. ಮೈಯಿಂದ ಹೊರಗೇ ಭ್ರೂಣ ಬೆಳೆಸುತ್ತಾರೆ, ಐದು ದಿನವಾದ ಮೇಲೆ ಒಂದೊಂದರಿಂದಲೂ ನಾಲ್ಕಾರು ಜೀವಕೋಶ ತೆಗೆದು ಪರೀಕ್ಷೆ ಮಾಡುತ್ತಾರೆ, ಕಾಯಿಲೆ ಇಲ್ಲದ್ದನ್ನು ಮಾತ್ರ ಗರ್ಭದಲ್ಲಿ ಇಡುತ್ತಾರೆ. ಗೇಣಕ್ಕ ತಲೆ ಎತ್ತಲಿಲ್ಲ. ತಂಗಿ ಹೋದ ಮೇಲೆ ನೂಲನ್ನು ಹಲ್ಲಿನಲ್ಲಿ ಕಡಿದು ಅಂದಳು, "ಅವಳಿಗೆ ನೋಡಿ ಆರಿಸ್ಕೊಳ್ಳೋ ಭಾಗ್ಯ. ನಾನು ಕಣ್ಣು ಮುಚ್ಕೊಂಡು ಕೈ ಹಾಕ್ಬೇಕಾಗಿತ್ತು."

ಅಷ್ಟಕ್ಕೇ ನಿಂತಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ. ಪರೀಕ್ಷೆ ಸರಿಯಾಗಿ ನಡೆಯಬೇಕಾದರೆ ಅದೇ ಕಾಯಿಲೆ ಇರುವ ಹತ್ತಿರದ ಸಂಬಂಧದ ಮಗುವಿನ ರಕ್ತ ಬೇಕು, ಅದರ ಜೊತೆ ಹೋಲಿಸಿ ನೋಡಬೇಕು ಎಂದು ಆಸ್ಪತ್ರೆಯವರು ಹೇಳಿದರು. ಎರಡೂ ಕಡೆಯಿಂದ ಒಂದೇ ರಕ್ತ ಸಂಬಂಧ, ಮರಿಗಿಂತ ಬೇರೆ ಯಾರು ಬೇಕು. ಒಂದು ಸಣ್ಣ ಟ್ಯೂಬು ಸಾಕು. ಆದರೆ ಅದನ್ನು ಮರಿಯ ಸರದಿಯ ದಿನ, ಬೇರೆಯವರ ರಕ್ತ ಅವಳ ಮೈಗೆ ಹೋಗುವ ಮೊದಲೇ ತೆಗೆಯಬೇಕು. ತಪ್ಪಿದರೆ ಮತ್ತೆ ಮೂರು ವಾರ. ತಂಗಿಯೇ ಟ್ಯೂಬಿನ ಡಬ್ಬಿ ತಂದುಕೊಟ್ಟಳು. ಗೇಣಕ್ಕ ಆಗಲಿ ಎಂದಳು.

ತಂಗಿ ಮೆಟ್ಟಿಲಿಳಿದ ಮೇಲೆ ಗೇಣಕ್ಕ ನನ್ನ ಕಡೆ ತಿರುಗಿದಳು. "ಜನ ಹಳೇ ಅಂಗಿ ತಂದು ಅಳತೆಗೆ ಅಂತ ಕೊಡ್ತಾರಲ್ಲ, ಈಗ ನನ್ನ ಮಗಳು ಅಳತೆಗೆ. ಅದೂ ಎಂಥ ಅಳತೆ? ಇವಳ ಥರ ಇರೋದು ಬೇಡ ಅನ್ನೋಕೆ."

ನಾನು ಅರ್ಧ ಹಾಕಿದ್ದ ಕಾಜಾ ಬಿಚ್ಚಿ ಮತ್ತೆ ಹಾಕತೊಡಗಿದೆ.

ಸರದಿಯ ದಿನ ಅವಳ ಗಂಡನಿಗೆ ಬಿಡುವಿರಲಿಲ್ಲ, ಜೊತೆಗೆ ನಾನು ಹೋದೆ. ನರ್ಸು ರಕ್ತದ ಚೀಲ ತಂದು ಕೊಕ್ಕೆಗೆ ತೂಗುಹಾಕಿದಳು. ಡಬ್ಬಿ ಗೇಣಕ್ಕನ ಕೈಚೀಲದಲ್ಲೇ ಇತ್ತು, ಕೈ ಅದರ ಜಿಪ್ಪಿನ ಮೇಲೇ ಇತ್ತು. ನಾನು ಮೊಣಕೈಯಿಂದ ತಿವಿದೆ. ಅವಳು ಕಿಟಕಿಯ ಕಡೆ ನೋಡಿದಳು. ಹನಿ ಬೀಳತೊಡಗಿದ ಮೇಲೆ ಹೊರಗೆ ಹೋಗಿ, ಮರೆತೇಹೋಯಿತು ಎಂದು ತಂಗಿಗೆ ಫೋನ್ ಮಾಡಿದಳು. ನಾನಾದರೂ ನರ್ಸಿಗೆ ಹೇಳಬಹುದಿತ್ತು. ಹೇಳಲಿಲ್ಲ, ಆ ತಪ್ಪು ನನ್ನದು.

ಮುಂದಿನ ಸಲ ನರ ಸಿಗಲಿಲ್ಲ ಎಂದಳಂತೆ. ರಕ್ತ ಹಾಕಲು ಸಿಕ್ಕ ನರ ತೆಗೆಯಲು ಹೇಗೆ ಸಿಗಲಿಲ್ಲವೋ ಅವಳನ್ನೇ ಕೇಳಬೇಕು. ಆರು ವಾರ ಹೋಯಿತು. ತಂಗಿಗೆ ಆಗಲೇ ಮೂವತ್ತೆಂಟು, ತಡ ಮಾಡಬೇಡಿ ಎಂದು ಡಾಕ್ಟರು ಹೇಳುತ್ತಲೇ ಇದ್ದರು. ಇತ್ತ ಗೇಣಕ್ಕ ಕತ್ತರಿ ಆಡಿಸುತ್ತಾ ಹಾಡು ಗುನುಗುತ್ತಿದ್ದಳು. ಅವಳನ್ನು ಅಷ್ಟು ಖುಷಿಯಾಗಿ ನಾನು ಕಂಡಿದ್ದೇ ಇಲ್ಲ. ಮೈಯೆಲ್ಲ ಉರಿದು, ಇದು ಅನ್ಯಾಯ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. "ಒಂದು ಸಲ ಅವಳೂ ನನ್ನ ಬಾಗಿಲಲ್ಲಿ ಕಾಯ್ಲಿ" ಎಂದಳು.

ಕೆಲವೇ ದಿನದಲ್ಲಿ ತಂಗಿ ಬಂದಳು. ಕಟಿಂಗ್ ಟೇಬಲ್ಲಿನ ತುದಿಗೆ ಒರಗಿ ನಿಂತು ಮೆಲ್ಲಗೆ ಮಾತಾಡಿದಳು.

"ನಿನಗೆ ಮನಸ್ಸಿಲ್ಲ ಅಂತ ಗೊತ್ತಾಯ್ತು ಅಕ್ಕಾ. ಬೇಜಾರಿಲ್ಲ, ನಿನ್ನ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ನೇನೋ. ಟೆಸ್ಟು ಗಿಸ್ಟು ಏನೂ ಬೇಡ ಅಂತ ಮಾತಾಡ್ಕೊಂಡಿದೀವಿ. ಆಗಿದ್ದಾಗ್ಲಿ. ಮರಿ ಥರದ್ದೇ ಹುಟ್ಟಿದ್ರೆ ಇಟ್ಕೊಂಡು ಸಾಕ್ತೀವಿ. ಮರಿಗೆ ಏನು ಕಡಿಮೆಯಾಗಿದೆ? ಇಬ್ಬರನ್ನೂ ಒಟ್ಟಿಗೇ ಆಸ್ಪತ್ರೆಗೆ ಕರ್ಕೊಂಡು ಹೋದ್ರಾಯ್ತು."

ಮಾತಿನಲ್ಲಿ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಅವಳು ಹೋದ ಮೇಲೆ, ಗೆದ್ದೆಯಲ್ಲ ತಾಯಿ ಎನ್ನಲು ನಾನು ತಲೆ ಎತ್ತಿದೆ. ಗೇಣಕ್ಕನ ಸೂಜಿ ಬಟ್ಟೆಯಲ್ಲೇ ನಿಂತಿತ್ತು.

ಯಾಕೆಂದು ನನಗೆ ಗೊತ್ತಿತ್ತು. ಮರಿಗೆ ಮೂರು ವರ್ಷವಾಗಿದ್ದಾಗ ಗೇಣಕ್ಕ ಮತ್ತೆ ಬಸುರಾಗಿದ್ದಳು. ಮೂರನೇ ತಿಂಗಳಲ್ಲಿ ಪರೀಕ್ಷೆ ಮಾಡಿದಾಗ ಅದಕ್ಕೂ ಇದೇ ಕಾಯಿಲೆ ಎಂದರು. ತೆಗೆಸಿಬಿಟ್ಟಳು. ಎರಡು ದಿನ ಬಿಟ್ಟು ಅಂಗಡಿಗೆ ಬಂದು ಸ್ಕೂಲಿನ ಮೂವತ್ತು ಅಂಗಿಗೆ ಕಾಲರ್ ಹೊಲಿದಳು. ತಾನಾಗಿ ಇಳಿದುಹೋಯಿತು ಎಂದು ತಂಗಿಯೂ ಸೇರಿ ಎಲ್ಲರಿಗೂ ಹೇಳಿದ್ದಳು. ನಿಜ ಗೊತ್ತಿದ್ದದ್ದು ಗಂಡನಿಗೆ ಮತ್ತು ನನಗೆ.

ಗೇಣಕ್ಕ ಸೂಜಿಯನ್ನು ಬಟ್ಟೆಯಿಂದ ಎಳೆದು, "ಅವಳು ಇಟ್ಕೊಳ್ತಾಳಂತೆ" ಎಂದಳು.

ಮುಂದಿನ ಸರದಿಗೆ ಡಬ್ಬಿಯನ್ನು ಕೈಯಲ್ಲೇ ಹಿಡಿದು ವಾರ್ಡಿಗೆ ಹೋದಳು. ಚೀಲ ತರುವ ಮೊದಲೇ ನರ್ಸನ್ನು ಹುಡುಕಿ ಕರೆತಂದಳು. ಇದು ಯಾರಿಗೆ ಎಂದು ಮರಿ ಕೇಳಿದಳು. ಚಿಕ್ಕಮ್ಮನ ಪಾಪುಗೆ ಎಂದದ್ದಕ್ಕೆ, ಹಾಗಾದರೆ ಜಾಸ್ತಿ ತಗೊಳ್ಳಿ ಎಂದು ಕೈ ಚಾಚಿದಳು.

ಟ್ಯೂಬು ಸಿಕ್ಕಿದ್ದೇ ತಂಗಿ ಮತ್ತೆ ಪರೀಕ್ಷೆಗೆ ಒಪ್ಪಿದಳು. ಅವಳ ಐದು ಭ್ರೂಣಗಳಲ್ಲಿ ಎರಡಕ್ಕೆ ಕಾಯಿಲೆ ಇತ್ತು. ಕಾಯಿಲೆ ಇಲ್ಲದ ಮೂರರಲ್ಲಿ ಒಂದನ್ನು ಇಟ್ಟರು, ಗರ್ಭ ನಿಂತಿತು. ಮೂರು ತಿಂಗಳು ತುಂಬಿದ ದಿನ ತಂಗಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಎಂಥ ದೊಡ್ಡ ಮನಸ್ಸು ನನ್ನ ಹಿರೀ ಸೊಸೆಯದು ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಮಾರನೇ ದಿನ ಅಂಗಡಿಯಲ್ಲಿ ನಾನೂ ಸುಮ್ಮನಿರಲಾರದೆ, ಅಂತೂ ಹೊಟ್ಟೆಕಿಚ್ಚು ಬಿಟ್ಟೆಯಲ್ಲ, ಒಳ್ಳೇದಾಯಿತು ಎಂದೆ.

"ಬಿಟ್ಟೆ ಅಂತ ಯಾರು ಹೇಳಿದ್ದು ನಿನಗೆ?" ಎಂದಳು. "ನಾನು ಬೇಡ ಅಂತ ಕಳಿಸಿದ್ದನ್ನ ಅವಳು ಬೇಕು ಅಂತ ಎತ್ಕೊಂಡು, ನನ್ನ ಕಣ್ಣೆದುರಿಗೇ ಓಡಾಡೋದನ್ನ ನಾನು ದಿನಾ ನೋಡ್ಬೇಕಿತ್ತಾ? ಅದಕ್ಕೆ ಕೊಟ್ಟೆ."

ಸೂಜಿಗೆ ನೂಲು ಪೋಣಿಸಲು ಹೋದಳು, ಮೂರು ಸಲವೂ ತಪ್ಪಿತು.

"ಈಗ ಐದು ವರ್ಷ ತುಂಬಿರ್ತಿತ್ತು ಅದಕ್ಕೆ," ಎಂದಳು.

ನಾನು ಸೂಜಿ ಇಸಿದುಕೊಂಡು ನೂಲು ಹಾಕಿ ಕೊಟ್ಟೆ.