ಕಂಡಕ್ಟರ್ ರಂಜನಾ ಕೇಳಿದ ಪ್ರಶ್ನೆಗಳು

ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದ ರಂಜನಾ ಸಾರಿಗೆ ಬಸ್ಸಿನ ಕಂಡಕ್ಟರ್. ಗದಗದಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಒಂಬತ್ತು ವರ್ಷದಿಂದ ಅದೇ ದಾರಿ. ಎಷ್ಟೇ ಗದ್ದಲವಿರಲಿ, ದನಿ ಏರಿಸದೆ ಜನರನ್ನು ಹಿಂದಕ್ಕೆ ಸರಿಸಿ ಅಡರಕಟ್ಟಿಯ ಮುದುಕಿಯರಿಗೆ ಸೀಟು ಮಾಡಿಕೊಡುವ ಕಲೆ ಅವಳದು. ಡ್ರೈವರುಗಳು ಅವಳ ಜೋಡಿ ಡ್ಯೂಟಿ ಬಿದ್ದರೆ ಖುಷಿಪಡುತ್ತಾರೆ.

ಇಂಥ ಗಟ್ಟಿ ಹೆಣ್ಣುಮಗಳು ಹದಿನೆಂಟು ವರ್ಷ ಒಂದು ಸಂಗತಿಯನ್ನು ಮುಚ್ಚಿಟ್ಟುಕೊಂಡಿದ್ದಳು. ಮೈನೆರೆದ ಮೇಲೆ ಅವಳ ಎಡ ಎದೆ ಬೆಳೆಯಿತು, ಬಲದ್ದು ಬೆಳೆಯಲೇ ಇಲ್ಲ. ಮಗ್ಗದ ಮೇಲೆ ಸೀರೆ ನೇಯುತ್ತಿದ್ದ ಅವ್ವ ದ್ರಾಕ್ಷಾಯಣಿ ಯಾರಿಗೂ ಹೇಳದೆ ಹತ್ತಿ ತುಂಬಿ ಒಂದು ಮೆತ್ತೆ ಹೊಲಿದಳು. ಅದನ್ನು ಜಂಪರಿನ ಬಲಗಡೆ ಇಟ್ಟು, "ಮದಿವಿ ಆಗಿ ಕೂಸು ಆದ್ರ ಎಲ್ಲಾ ಸರಿ ಆಕ್ಕೈತಿ" ಅಂದಳು. ಮದುವೆಯೂ ಆಯಿತು, ಮಗಳೂ ಹುಟ್ಟಿದಳು, ಎಡಗಡೆಯ ಹಾಲು ಕುಡಿದೇ ದೊಡ್ಡವಳಾದಳು. ವ್ಯತ್ಯಾಸ ಮಾತ್ರ ಇನ್ನಷ್ಟು ಎದ್ದು ಕಾಣತೊಡಗಿತು.

ಒಂದು ಬೇಸಿಗೆ ಮಧ್ಯಾಹ್ನ, ಕಿಕ್ಕಿರಿದ ಬಸ್ಸಿನಲ್ಲಿ ಕೈ ಮೇಲೆತ್ತಿ ಸರಳು ಹಿಡಿದಾಗ ಬೆವರಿಗೆ ತೊಯ್ದಿದ್ದ ಮೆತ್ತೆ ಜಾರಿ ಹೊಟ್ಟೆಯ ಮೇಲೆ ಬಂತು. ಟಿಕೆಟ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಮುಳಗುಂದದವರೆಗೆ ಹಾಗೇ ನಿಂತಳು. ಯಾರು ಕಂಡರೋ, ಯಾರು ಕಾಣಲಿಲ್ಲವೋ, ಅವಳಿಗೆ ಇಂದಿಗೂ ಗೊತ್ತಿಲ್ಲ. ಅವತ್ತು ಸಂಜೆ ಗಂಡ ಮುತ್ತುರಾಜನ ಮುಂದೆ ಮಾತು ತೆಗೆದಳು.

"ಎದಿ ಸರಿ ಮಾಡೋ ಆಪರೇಶನ್ ಮಾಡಿಸ್ಕೋಬೇಕಂತ ಮಾಡೇನ್ರಿ."

"ನಾ ಯಾವತ್ತರ ಏನರ ಅಂದೇನೇನ? ನೀ ಹೆಂಗದಿ ಹಂಗ ನನಗ ಚಲೋ."

"ಗೊತ್ತೈತ್ರಿ. ಇದು ನಿಮಗಂತ ಅಲ್ಲ, ನನಗಂತ."

ಮೊಬೈಲ್ ರಿಪೇರಿ ಅಂಗಡಿಯ ಮುತ್ತುರಾಜ ಮಾತು ಕಡಿಮೆಯವನು. "ಹಂಗಾರ ಸರಿಯಾದ ಡಾಕ್ಟರನ್ನ ಹುಡುಕೂಣು" ಅಂದ.

ಹುಬ್ಬಳ್ಳಿಯಲ್ಲಿ ಮೊದಲು ಹೋದದ್ದು ಗಾಜಿನ ಬಾಗಿಲಿನ ಒಂದು ಕ್ಲಿನಿಕ್ಕಿಗೆ. ಟೈ ಕಟ್ಟಿಕೊಂಡ ಒಬ್ಬ ಫೋಟೋ ತೋರಿಸಿದ. "ಸಿಲಿಕಾನಿನ ಇಂಪ್ಲಾಂಟ್ ಒಮ್ಮೆ ಎದಿಯೊಳಗ ಹಾಕಿದ್ರ ಜೀವನಪೂರ್ತಿ ಚಿಂತಿ ಇಲ್ಲ. ಮೂರನೇ ದಿನಕ್ಕ ಡ್ಯೂಟಿಗೆ ಹೋಗ್ರಿ. ಇವತ್ತ ಹೆಸರು ಹಚ್ಚಿಸಿದ್ರ ರಿಯಾಯಿತಿ ಐತಿ" ಅಂದ.

"ಆಪರೇಶನ್ ಮಾಡೋರು ಯಾರ್ರಿ? ಅವರನ್ನ ನೋಡಬೇಕಲ್ಲ."

"ಅವರು ಆಪರೇಶನ್ ದಿನ ಬರ್ತಾರ."

ರಂಜನಾ ಎದ್ದುಬಿಟ್ಟಳು. ಪಾಸು ತೋರಿಸದವರನ್ನು ಬಸ್ಸಿನಲ್ಲಿ ಪುಕ್ಕಟೆ ಕೂರಿಸಿಕೊಳ್ಳದವಳು, ಮುಖ ತೋರಿಸದ ಡಾಕ್ಟರನ ಕೈಗೆ ತನ್ನ ಮೈ ಕೊಟ್ಟಾಳೆಯೇ?

ತಿಂಗಳ ನಂತರ ಹುಬ್ಬಳ್ಳಿಯಲ್ಲೇ ಇನ್ನೊಂದು ಆಸ್ಪತ್ರೆಯಲ್ಲಿ ಡಾಕ್ಟರ್ ಮಮತಾ ಸಿಕ್ಕರು. ಪ್ಲಾಸ್ಟಿಕ್ ಸರ್ಜನ್ ಆಗಿ ಕಲಿತದ್ದು ಎಲ್ಲಿ, ನೋಂದಣಿ ಎಷ್ಟನೇ ನಂಬರು, ಇಂಥ ಆಪರೇಶನ್ ಎಷ್ಟು ಮಾಡಿದ್ದೀರಿ ಎಂದು ರಂಜನಾ ನೇರವಾಗಿಯೇ ಕೇಳಿದಳು. ಡಾಕ್ಟರಿಗೆ ಸಿಟ್ಟು ಬರಲಿಲ್ಲ. "ಎಲ್ಲಾರೂ ಹಿಂಗ ಕೇಳಬೇಕು ನೋಡ್ರಿ" ಎಂದು ಖುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಇನ್ನೊಂದು ಕೂಸಿನ ಆಸೆ ಐತೇನು? ಇದ್ರ ಮೊದಲ ಅದಾಗಲಿ. ಬಸಿರು ಬಾಣಂತನಕ್ಕ ಎದಿ ಆಕಾರ ಬದಲಾಕ್ಕೈತಿ, ಆಪರೇಶನ್ ಆದ ಮ್ಯಾಲೆ ಹಾಲೂ ಕಡಿಮಿ ಆಗಬಹುದು."

"ಒಬ್ಬಾಕಿ ಸಾಕ್ರಿ."

"ಇನ್ನೊಂದು ಮಾತು. ಇಂಪ್ಲಾಂಟ್ ಜೀವನಪೂರ್ತಿ ಬಾಳಂಗಿಲ್ಲ. ಹತ್ತು ಹದಿನೈದು ವರ್ಷಕ್ಕೋ, ಅದಕ್ಕೂ ಮೊದಲೋ ಮತ್ತ ಆಪರೇಶನ್ ಬೇಕಾಗಬಹುದು. ಅದರ ಸುತ್ತ ಬೆಳೆಯೋ ಪೊರಿ ಗಟ್ಟಿಯಾಗಿ ನೋಯಬಹುದು, ಇಂಪ್ಲಾಂಟ್ ಒಳಗ ಒಡೀಬಹುದು, ಸ್ಪರ್ಶ ಕಡಿಮಿ ಆಗಬಹುದು. ಭಾಳ ಅಪರೂಪಕ್ಕ ಒಂದು ಥರದ ಕ್ಯಾನ್ಸರೂ ಬಂದೈತಿ. ಎರಡೂ ಕಡೆ ಕನ್ನಡಿ ಹಿಡಿದಂಗ ಒಂದೇ ಥರ ಆಗತಾವಂತ ನಾ ಹೇಳಂಗಿಲ್ಲ. ಮಾಡಿಸದನ ಇದ್ರೂ ನಿಮ್ಮ ಆರೋಗ್ಯಕ್ಕೇನೂ ಕಡಿಮಿ ಇಲ್ಲ."

"ಎಲ್ಲಾ ಬಿಚ್ಚಿ ಹೇಳಿದ್ರಲ್ಲ, ಅದಕ್ಕ ನಿಮ್ಮ ಕಡೆನ ಮಾಡಿಸ್ಕೋತೀನ್ರಿ" ಅಂದಳು ರಂಜನಾ.

"ಅವಸರ ಬ್ಯಾಡ. ಮೊದಲು ಸ್ಕ್ಯಾನ್ ಆಗಲಿ. ತಂಬಾಕದ ಚಟಾ ಐತೇನು?"

ರಂಜನಾ ತಲೆ ತಗ್ಗಿಸಿದಳು. ಎಲೆ ಅಡಿಕೆ ಜೊತೆ ತಂಬಾಕು ಹಾಕುವುದು ಹತ್ತು ವರ್ಷದ ರೂಢಿ. ತಂಬಾಕಿದ್ದರೆ ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ, ಆಪರೇಶನ್ನಿನ ಹಿಂದೆ ಮುಂದೆ ತಿಂಗಳುಗಟ್ಟಲೆ ಬಿಡಲೇಬೇಕು ಎಂದರು ಡಾಕ್ಟರು. ಬಸ್ಸಿನಲ್ಲಿ ಪರಿಚಯದವರು ಎಲೆ ಅಡಿಕೆಯ ಚಂಚಿ ಬಿಚ್ಚಿ ಕೈ ಚಾಚಿದಾಗಲೆಲ್ಲ ರಂಜನಾ ಲವಂಗ ಕಡಿದಳು. ಮೊದಲ ವಾರ ತಲೆಶೂಲೆ, ಸಿಡುಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ಚಟ ಬಿಟ್ಟುಹೋಗಿತ್ತು, ಸ್ಕ್ಯಾನಿನಲ್ಲೂ ತೊಂದರೆಯೇನೂ ಕಾಣಲಿಲ್ಲ.

ರಜೆ ಕೇಳಲು ಡಿಪೋ ಮ್ಯಾನೇಜರ್ ಅಲ್ಲಾಸಾಬರ ಎದುರು ನಿಂತಾಗ ಸುಳ್ಳು ನೆಪ ಹೇಳಬಹುದಿತ್ತು. ಹೇಳಲಿಲ್ಲ.

"ಎದಿ ಆಪರೇಶನ್ ಐತ್ರಿ ಸಾಹೇಬ್ರ. ಆರು ವಾರ ಕೈ ಮ್ಯಾಲೆತ್ತಿ ಸರಳು ಹಿಡಿಯಂಗಿಲ್ಲ, ಭಾರ ಎತ್ತಂಗಿಲ್ಲ. ರಜಾ ಮುಗದ ಮ್ಯಾಲೆ ಒಂದೀಟು ದಿನ ಬಸ್‌ಸ್ಟ್ಯಾಂಡಿನ ಬಸ್ಸಿನ ವ್ಯಾಳೆ ಹೇಳೋ ಚೌಕಶಿ ಕಿಟಕಿಗೆ ಹಾಕ್ರಿ."

ಅಲ್ಲಾಸಾಬರು ಮೇಜಿನ ಕಾಗದ ನೋಡುತ್ತಲೇ, "ಆತವಾ, ಆರೋಗ್ಯ ನೋಡ್ಕೋ" ಎಂದು ಸಹಿ ಮಾಡಿದರು.

ಆಪರೇಶನ್ ಸುಸೂತ್ರವಾಗಿ ಮುಗಿದು ಎರಡನೇ ದಿನ ಮನೆಗೆ ಬಂದಳು. ಎದೆಯ ಮೇಲೆ ಕಲ್ಲು ಹೇರಿದಂತೆ ಬಿಗಿತ. ಮಾರನೆಯ ಬೆಳಿಗ್ಗೆ ಎದ್ದಾಗ ಬಲಗಡೆ ಒಮ್ಮೆಲೇ ಬಾತು, ಚರ್ಮ ನೀಲಿಗಟ್ಟಿತ್ತು.

"ಅರಿಶಿಣ ಹಚ್ಚತೀನಿ, ಇಳೀತೈತಿ ತಗೋ" ಅಂದಳು ದ್ರಾಕ್ಷಾಯಣಿ.

"ಬ್ಯಾಡ ಅವ್ವ. ಹಿಂಗ ಒಂದ ಕಡೆ ಒಮ್ಮಿಗಲೇ ಬಾತ್ರ ಜಲ್ದಿ ಬರ್ರಿ ಅಂತ ಡಾಕ್ಟರ್ ಮೊದಲ ಹೇಳ್ಯಾರ."

ಹೇಳುತ್ತಲೇ ಡಾಕ್ಟರಿಗೆ ಫೋನ್ ಹಚ್ಚಿದಳು. ಮುತ್ತುರಾಜ ಬಾಡಿಗೆ ಕಾರು ತಂದ. ಹುಬ್ಬಳ್ಳಿ ಮುಟ್ಟಿದ ಕೂಡಲೇ ಒಳಗೆ ಕಟ್ಟಿಕೊಂಡಿದ್ದ ರಕ್ತವನ್ನು ತೆಗೆದು ಮತ್ತೆ ಹೊಲಿದರು. "ಇನ್ನೊಂದು ದಿನ ತಡಾ ಮಾಡಿದ್ರ ಕಷ್ಟ ಆಗತಿತ್ತು. ನಾ ಹೇಳಿದ ಮಾತು ನೆನಪಿಟ್ಟಿದ್ರಿ, ಚಲೋ ಆತು" ಎಂದು ಡಾಕ್ಟರ್ ಮಮತಾ ಅವಳ ಕೈ ಹಿಡಿದುಕೊಂಡರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ದ್ರಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ವರ್ಷ ಇದನ್ನು ಮುಚ್ಚಿಡುವುದನ್ನಷ್ಟೇ ಮಗಳಿಗೆ ಕಲಿಸಿದೆನಲ್ಲ ಎಂಬುದು ಅವಳ ಸಂಕಟ. ಅದನ್ನು ಬಾಯಿಬಿಟ್ಟೂ ಹೇಳಿದಳು. "ನಿನಗ ಗೊತ್ತಿದ್ದದ್ದು ನೀ ಮಾಡಿದಿ, ಬಿಡವ್ವ" ಅಂದಳು ರಂಜನಾ.

ಆರು ವಾರ ಕಳೆದವು, ಕಿಟಕಿಯ ಡ್ಯೂಟಿಯೂ ಮುಗಿಯಿತು. ಮತ್ತೆ ಬಸ್ಸು ಹತ್ತಿದ ದಿನ ರಂಜನಾ ಕೈ ಎತ್ತಿ ಸರಳು ಹಿಡಿದು ಸುಮ್ಮನೆ ಒಂದು ಗಳಿಗೆ ನಿಂತಳು. ಪ್ರಯಾಣಿಕರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಚಳಿಗಾಲದಲ್ಲಿ ಬಲಗಡೆ ಈಗಲೂ ಸ್ವಲ್ಪ ಬಿಗಿಯುತ್ತದೆ. ಡಾಕ್ಟರು ಹೇಳಿದಾಗಲೆಲ್ಲ ತಪ್ಪದೆ ಸ್ಕ್ಯಾನಿಗೆ ಹೋಗುತ್ತಾಳೆ. ಒಳಗಿರುವುದು ಯಾವ ಕಂಪನಿಯದು, ಯಾವ ಅಳತೆಯದು ಎಂದು ಬರೆದ ಕಾರ್ಡು ಅವಳ ಆಧಾರ್ ಕಾರ್ಡಿನ ಜೊತೆಗೇ ಇರುತ್ತದೆ.

ಹೋದ ವರ್ಷ ಮುಂಡರಗಿಯ ಸಪ್ನಾ ಎಂಬ ಹೊಸ ಕಂಡಕ್ಟರ್ ಹುಡುಗಿ ಈ ಆಪರೇಶನ್ನಿನ ಸುದ್ದಿ ಕೇಳಿ ಅಳುಕುತ್ತ ಬಂದು, ತನಗೂ ಎದೆ ದೊಡ್ಡದು ಮಾಡಿಸಿಕೊಳ್ಳುವ ಮನಸ್ಸಿದೆ ಅಂದಳು. ರಂಜನಾ ತನ್ನ ವಾರದ ರಜೆಯನ್ನೆಲ್ಲ ಅವಳಿಗೇ ಕೊಟ್ಟಳು. ಗದಗದ ಮನೆಯಲ್ಲಿ ಕೂರಿಸಿಕೊಂಡು ಸುಖದ್ದನ್ನೂ ಹೇಳಿದಳು, ರಕ್ತ ಕಟ್ಟಿದ್ದನ್ನೂ ಹೇಳಿದಳು, ಹೊಲಿಗೆಯ ಗುರುತನ್ನೂ ತೋರಿಸಿದಳು. ಎರಡು ತಿಂಗಳ ನಂತರ ಸಪ್ನಾ ಬಂದು, "ಸದ್ಯಕ್ಕ ಬ್ಯಾಡ ಅನಿಸ್ತಕ್ಕ" ಅಂದಳು.

"ಚಲೋ ಆತು, ವಿಚಾರ ಮಾಡಿದಿಯಲ್ಲ" ಎಂದು ರಂಜನಾ ನಕ್ಕಳು. ಇಬ್ಬರೂ ಬಸ್‌ಸ್ಟ್ಯಾಂಡ್ ಎದುರಿನ ಗಾಡಿಯಲ್ಲಿ ಗಿರ್ಮಿಟ್ ತಿಂದು ತಮ್ಮ ತಮ್ಮ ಬಸ್ಸು ಹತ್ತಿದರು.